ಕ್ಯಾಪಿಟಲ್ ರೂಲು ಬಿಗಿಯಾದ್ರೆ ಅಮ್ಮನ ಬಳೆಗೆ ಸಿಗುವ ಸಾಲಕ್ಕೆ ಎಂತಾದ್ರೂ ಸಂಬಂಧ ಉಂಟಾ?

ನೀರ್ಚಾಲಿನವಳು

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಎಕನಾಮಿಕ್ಸ್ ಕೊನೇ ವರ್ಷ. ಪ್ರಾಜೆಕ್ಟಿಗೆ ಬ್ಯಾಂಕ್ ಕ್ಯಾಪಿಟಲ್, ಮ್ಯಾಕ್ರೊಪ್ರುಡೆನ್ಶಿಯಲ್ ಪಾಲಿಸಿ (ಒಂದು ಬ್ಯಾಂಕ್ ಅಲ್ಲ, ಇಡೀ ಹಣಕಾಸು ವ್ಯವಸ್ಥೆ ಮುಳುಗದ ಹಾಗೆ ನೋಡುವ ರೂಲುಗಳು) ಅಂತ ವಿಷಯ ತಗೊಂಡು ಈಗ ಸಿಕ್ಕಿಬಿದ್ದಿದ್ದೇನೆ. ಓದಿದಷ್ಟೂ ಬಾಸೆಲ್, ಬಫರ್, ಸಿಇಟಿ ಒನ್ ಅಂತ ಬರೀ ಅಕ್ಷರಗಳು, ಇದು ಕಾಸರಗೋಡಿನ ನಮ್ಮ ಊರಿಗೆ ಎಲ್ಲಿ ಬಂದು ಮುಟ್ತದೆ ಅಂತಲೇ ಗೊತ್ತಾಗುದಿಲ್ಲ.

ನಮ್ಮಲ್ಲಿ ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ತೋಟಕ್ಕೆ ಮದ್ದು ಬಿಡ್ಲಿಕ್ಕೆ ಅಂತ ಅಮ್ಮನ ನಾಲ್ಕು ಪವನಿನ ಬಳೆ ಅಡವಿಡುದು, ಅಡಿಕೆ ಕೊಟ್ಟ ಮೇಲೆ ಬಿಡಿಸುದು. 2020ರ ಜೂನಲ್ಲಿ ಅದಕ್ಕೆ ಒಂದು ಲಕ್ಷ ಸಿಕ್ಕಿತ್ತು. 2025ರ ಜೂನಲ್ಲಿ ಅದೇ ಬಳೆ, ಕಪಾಟಿನ ಬಾಗಿಲಿಗೆ ಸಿಕ್ಕಿ ಆದ ತಗ್ಗು ಕೂಡ ಹಾಗೇ ಉಂಟು, ಎರಡು ಲಕ್ಷದ ಮೇಲೆ ಕೊಡ್ತೇವೆ ಅಂದ್ರು. ಅಪ್ಪನಿಗೆ ಬೇಕಾಗಿದ್ದದ್ದು ಎಂಬತ್ತು ಸಾವಿರ. ತಂದದ್ದು ಎರಡು ಲಕ್ಷ. ತಮ್ಮನಿಗೆ ಸ್ಕೂಟರ್ ಬಂತು.

ನನ್ನ ಡೌಟು ಇಷ್ಟು. ಸೋದರಮಾವ ಹೇಳ್ತಾರೆ ಬ್ಯಾಂಕಿನವರು 100 ರೂಪಾಯಿಯಲ್ಲಿ ಹನ್ನೊಂದೂವರೆ ರೂಪಾಯಿ ರಿಸರ್ವ್ ಬ್ಯಾಂಕಲ್ಲಿ ಬೀಗ ಹಾಕಿ ಇಡ್ಬೇಕು, ಅದೇ ಕ್ಯಾಪಿಟಲ್ ಅಂತ, ಇದು ಹೌದಾ? 2023ರಲ್ಲಿ ಪರ್ಸನಲ್ ಲೋನಿಗೆ ರಿಸ್ಕ್ ವೇಯ್ಟ್ (ಸಾಲ ಎಷ್ಟು ಅಪಾಯದ್ದು ಅಂತ ಹಾಕುವ ಪರ್ಸೆಂಟು) ಜಾಸ್ತಿ ಮಾಡಿದ್ರಲ್ಲ, ಜನ ಚಿನ್ನದ ಸಾಲಕ್ಕೆ ತಿರುಗಿದ್ದು ಅದರಿಂದವಾ? ಮತ್ತೆ ಗೈಡ್ ಹೇಳ್ತಾರೆ ಕೌಂಟರ್‌ಸೈಕ್ಲಿಕಲ್ ಬಫರಿನ (ಒಳ್ಳೇ ಟೈಮಲ್ಲಿ ಕೂಡಿಟ್ಟು ಕೆಟ್ಟ ಟೈಮಲ್ಲಿ ಬಿಡುವ ಹೆಚ್ಚುವರಿ ಕ್ಯಾಪಿಟಲ್) ಬಗ್ಗೆಯೇ ಬರಿ ಅಂತ, ಆದ್ರೆ ನಮ್ಮ ದೇಶದಲ್ಲಿ ಅದನ್ನು ಒಂದು ಸಲವೂ ಆನ್ ಮಾಡಿಯೇ ಇಲ್ಲ, ಆನ್ ಆಗದ ಸ್ವಿಚ್ಚಿನ ಬಗ್ಗೆ ಅರವತ್ತು ಪುಟ ಎಂತ ಬರೆಯುದು? ಗೊತ್ತಿದ್ದವರು ಸ್ವಲ್ಪ ಹೇಳಿ ಪ್ಲೀಸ್.

ರಿಟೈರ್ಡ್ ಮೇನೇಜರ್

ಮಗಾ, ಮೊದಲು ಮಾವನ ಮಾತನ್ನು ತಲೆಯಿಂದ ತೆಗಿ. ಬ್ಯಾಂಕಲ್ಲಿ 34 ವರ್ಷ ಇದ್ದವ ನಾನು, ನಮ್ಮ ಸ್ಟಾಫಲ್ಲೇ ಸುಮಾರು ಜನಕ್ಕೆ ಈ ಗೊಂದಲ ಇತ್ತು. ರಿಸರ್ವ್ ಬ್ಯಾಂಕಲ್ಲಿ ಇಡುದು ಸಿಆರ್‌ಆರ್, ಅದು ಡೆಪಾಸಿಟಿನ ಒಂದು ಪಾಲು, 2025ರ ನವೆಂಬರ್ ಕೊನೆಗೆ 3% ಗೆ ಇಳಿಸಿದ್ದಾರೆ. ಕ್ಯಾಪಿಟಲ್ ಅಂದ್ರೆ ಎಲ್ಲಿಯೂ ಬೀಗ ಹಾಕಿ ಇಟ್ಟ ಹಣ ಅಲ್ಲ.

ಒಬ್ಬ ಅಡಿಕೆ ವ್ಯಾಪಾರಿ 100 ರೂಪಾಯಿಯ ಅಡಿಕೆ ದಾಸ್ತಾನು ಮಾಡಿದ ಅಂತ ಇಟ್ಕೊ, 90 ಸಾಲ ತಂದದ್ದು, 10 ಅವನ ಕೈಯದ್ದು. ಆ 10 ಕೂಡ ಗೋಡೌನಲ್ಲಿ ಅಡಿಕೆಯಾಗಿಯೇ ಉಂಟಲ್ಲ, ಡಬ್ಬಿಯಲ್ಲಿ ಇಲ್ಲ. ರೇಟು 8 ಬಿದ್ರೆ ಅವನ ಕೈಯದ್ದು ಹೋಯ್ತು, ಸಾಲ ಕೊಟ್ಟವ ಬಚಾವ್. 15 ಬಿದ್ರೆ ಸಾಲ ಕೊಟ್ಟವನ ಬುಡಕ್ಕೂ ಬಂತು. ಬ್ಯಾಂಕಲ್ಲಿ ಆ 10 ಹಾಕುದು ಶೇರುದಾರರು, 90 ಹಾಕುದು ನಿನ್ನ ಅಪ್ಪನ ಹಾಗೆ ಡೆಪಾಸಿಟ್ ಇಟ್ಟವರು. ಮುಳುಗಿದ್ರೆ ಮೊದಲು ಯಾರದ್ದು ಮುಳುಗಬೇಕು, ಎಷ್ಟರವರೆಗೆ ಮುಳುಗಬೇಕು, ಅಷ್ಟೇ ವಿಷಯ.

ಬಾಸೆಲಿನವರು, ಅಂದ್ರೆ ಬೇರೆ ಬೇರೆ ದೇಶದ ಬ್ಯಾಂಕ್ ಮೇಲ್ವಿಚಾರಕರ ಕಮಿಟಿ, 1988ರಲ್ಲಿ ಕ್ಯಾಪಿಟಲ್ 8% ಬೇಕು ಅಂತ ಮಾಡಿದ್ರು. ನಮ್ಮಲ್ಲಿ ಬ್ಯಾಂಕ್ ಸುಧಾರಣೆಯ ನರಸಿಂಹಂ ಕಮಿಟಿ ಆದ ಮೇಲೆ 1992ರಿಂದ ಶುರು, 2000ದ ಮಾರ್ಚಿಗೆ 9% ಆಯ್ತು. ಬಾಸೆಲ್ ಮೂರು 2013ರ ಏಪ್ರಿಲಿಂದ, ಅದರ ಮೇಲೆ ಎರಡೂವರೆಯ ಒಂದು ಬಫರನ್ನು (ಗೈಡ್ ಹೇಳಿದ್ದು ಅಲ್ಲ, ಯಾವಾಗಲೂ ಇರಬೇಕಾದ ಬೇರೆಯದ್ದು) ಕಂತು ಕಂತಲ್ಲಿ ತಂದು 2021ರ ಅಕ್ಟೋಬರಿಗೆ ಒಟ್ಟು 11.5. ಮಾವ ಹೇಳಿದ ಹನ್ನೊಂದೂವರೆ ಇದು. ಆದ್ರೆ ಇದು ಕೊಟ್ಟ ಸಾಲದ ಮೇಲೆ ಸೀದಾ ಲೆಕ್ಕ ಅಲ್ಲ, ರಿಸ್ಕ್ ವೇಯ್ಟಿನಿಂದ ಗುಣಿಸಿದ ಮೇಲೆ. ಒಂದು ಲಕ್ಷ ಪರ್ಸನಲ್ ಲೋನು, ವೇಯ್ಟ್ 100 ಇದ್ದಾಗ 11,500 ಶೇರುದಾರರದ್ದು ಬೇಕಿತ್ತು. 2023ರ ನವೆಂಬರ್ 16ಕ್ಕೆ 125 ಮಾಡಿದ್ರು, ಈಗ 14,375. ಅದೇ ಒಂದು ಲಕ್ಷ ಮನೆ ಸಾಲಕ್ಕೆ ಹೋದ್ರೆ, ಮನೆ ಬೆಲೆಯ 80% ಒಳಗೆ ಸಾಲ ಇದ್ರೆ ವೇಯ್ಟ್ 35, ಬೇಕಾದ್ದು 4,025. ಮನೆ ಸಾಲಕ್ಕೆ ಬ್ಯಾಂಕಿನವರು ಎಂತಕ್ಕೆ ಹಿಂದೆ ಬೀಳ್ತಾರೆ ಅಂತ ಈಗ ಗೊತ್ತಾಯ್ತಲ್ಲ. ಫೋನ್ ಮಾಡಿ ಮಾಡಿ ತಲೆ ತಿನ್ನುದು ಸುಮ್ಮನೆ ಅಲ್ಲ.

ಡಿಫರೆನ್ಸ್ 2,875 ರೂಪಾಯಿ. ಶೇರುದಾರನಿಗೆ ವರ್ಷಕ್ಕೆ 15 ಸಿಗಬೇಕು, ಡೆಪಾಸಿಟಿಗೆ 7 ಕೊಟ್ರೆ ಸಾಕು ಅಂತ ನಾನೇ ಅಂದಾಜು ಹಿಡಿದ್ರೆ ಒಂದು ಲಕ್ಷಕ್ಕೆ ವರ್ಷದಲ್ಲಿ 230 ರೂಪಾಯಿ ಜಾಸ್ತಿ ಖರ್ಚು. ಬಡ್ಡಿ ಕಾಲು ಪರ್ಸೆಂಟಿನ ಆಸುಪಾಸು ಏರ್ಬೇಕು, ಅಷ್ಟೇ.

ಕುಂಬ್ಳೆಕಾರ

ಅಲ್ಲ ಮಾರಾಯ್ರೆ, ಕಾಲು ಪರ್ಸೆಂಟು ಅಂತ ನೀವು ಪೆನ್ನಲ್ಲಿ ಬರೆದ್ರೆ ಆಯ್ತಾ. ಕೌಂಟರಿನ ಈಚೆ ನಿಂತವನಿಗೆ ಬಡ್ಡಿ ಏರುದಲ್ಲ ಪ್ರಾಬ್ಲಂ, ಸಾಲವೇ ಇಲ್ಲ ಅನ್ನುದು ಪ್ರಾಬ್ಲಂ. ದೊಡ್ಡವರಿಗೆ ಸಾವಿರ ಸಾವಿರ ಕೋಟಿ ಕೊಟ್ಟು ಅದು ಮುಳುಗಿ, 2017ರ ಅಕ್ಟೋಬರಲ್ಲಿ ಸರಕಾರ 2.11 ಲಕ್ಷ ಕೋಟಿಯ ಪ್ಯಾಕೇಜು ಅಂತ ಹೇಳ್ಬೇಕಾಯ್ತು, ಆ ಕ್ಯಾಪಿಟಲ್ ತುಂಬಿಸಿದ್ದರಲ್ಲಿ ಹೆಚ್ಚಿನದ್ದು ನಮ್ಮ ತೆರಿಗೆಯ ಹೆಸರಲ್ಲಿ ಎತ್ತಿದ ಬಾಂಡು. ಆಗ ಈ ಬಾಸೆಲ್ ಎಲ್ಲಿ ಮಲಗಿತ್ತು? ಈಗ ಐವತ್ತು ಸಾವಿರ ಕೇಳ್ಲಿಕ್ಕೆ ಹೋದವನ ಮೇಲೆ ಮ್ಯಾಕ್ರೊ ಪ್ರುಡೆನ್ಸು.

ಮತ್ತೆ ತಂಗಿ, ಕೃಷಿ ಸಾಲಕ್ಕೆ 2 ಲಕ್ಷದವರೆಗೆ ಅಡವು ಬೇಡ ಅಂತ 2025ರ ಜನವರಿಯಿಂದ ರೂಲು ಉಂಟು. ಮದ್ದು ಬಿಡ್ಲಿಕ್ಕೆ ಅಮ್ಮನ ಬಳೆ ಎಂತಕ್ಕೆ ಹೋಯ್ತು ಅಂತ ಮೊದಲು ಅದನ್ನು ರಿಸರ್ಚ್ ಮಾಡು.

ಮಂಜೇಶ್ವರ ಟು ಬೆಂಗ್ಳೂರು

ನಾನು ರಿಸ್ಕ್ ಡಿಪಾರ್ಟ್‌ಮೆಂಟಲ್ಲಿ ಇರುವವ, ಆಫೀಸಿನ ಹೆಸರು ಬೇಡ. ಕುಂಬ್ಳೆ ಅಣ್ಣ ಸಿಟ್ಟಲ್ಲಿ ಹೇಳಿದ್ದಾರೆ, ಆದ್ರೆ ಬಡ್ಡಿ ಏರುದಲ್ಲ ಸಾಲವೇ ನಿಲ್ಲುದು ಅನ್ನುದು ಇದ್ಯಲ್ಲ, ರಿಸರ್ಚಲ್ಲಿಯೂ ಅದಕ್ಕೆ ಆಧಾರ ಉಂಟು. ಮೇನೇಜರ್ ಸರ್ ಲೆಕ್ಕ ಸರಿ, ಆದ್ರೆ ಅದು ಬ್ಯಾಂಕು ಹೊಸ ಶೇರು ಎತ್ತಿ ರೂಲು ಪಾಲಿಸ್ತದೆ ಅಂತ ಹಿಡಿದು ಮಾಡಿದ ಲೆಕ್ಕ. ಕ್ಯಾಪಿಟಲ್ ರೇಶಿಯೋ ಒಂದು ಭಾಗಾಕಾರ, ಮೇಲೆ ಕ್ಯಾಪಿಟಲ್, ಕೆಳಗೆ ವೇಯ್ಟ್ ಹಾಕಿದ ಸಾಲ. ಮೇಲಿನದ್ದು ಏರಿಸಿದ್ರೂ ಆಯ್ತು, ಕೆಳಗಿನದ್ದು ಇಳಿಸಿದ್ರೂ ಆಯ್ತು, ರೂಲಿಗೆ ಎರಡೂ ಒಂದೇ.

ಯುರೋಪಲ್ಲಿ 2011ರ ಅಕ್ಟೋಬರಲ್ಲಿ ಅಲ್ಲಿನ ಬ್ಯಾಂಕಿಂಗ್ ಅಥಾರಿಟಿ ದೊಡ್ಡ ಬ್ಯಾಂಕುಗಳಿಗೆ 2012ರ ಜೂನ್ ಒಳಗೆ 9% ಗಟ್ಟಿ ಕ್ಯಾಪಿಟಲ್ ತೋರಿಸಿ ಅಂತ ಹೇಳಿತು. ಯಾವ ಬ್ಯಾಂಕು ಲಿಸ್ಟಿಗೆ ಬರುದು ಅಂತ ಒಂದೊಂದು ದೇಶದ ಒಳಗೆ ಸೈಜ್ ನೋಡಿ ಗೆರೆ ಹಾಕಿದ್ದು, ಹಾಗಾಗಿ ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ಬ್ಯಾಂಕಲ್ಲಿ ಒಂದು ಒಳಗೆ ಒಂದು ಹೊರಗೆ. ಗ್ರೋಪ್, ಓಂಗೆನಾ ಮತ್ತೆ ಜೊತೆಯವರು ಈ ಎರಡು ಗುಂಪನ್ನು ಹೋಲಿಸಿ ನೋಡಿದ್ರು. ಲಿಸ್ಟಲ್ಲಿ ಇದ್ದವರ ರೇಶಿಯೋ ಏರಿದ್ದು ಹೌದು, ಆದ್ರೆ ಹೊಸ ಶೇರು ಎತ್ತಿ ಅಲ್ಲ, ಸಾಲ ಕಡಿಮೆ ಮಾಡಿ. ರೂಲು ತಪ್ಪು ಅಂತಲ್ಲ ಇದರ ಅರ್ಥ. ಕೆಟ್ಟ ಟೈಮಲ್ಲಿ ಬಿಗಿ ಮಾಡಿದ್ರೆ ಹೀಗೆ ಆಗ್ತದೆ.

ಒಳ್ಳೇ ಟೈಮಲ್ಲಿ ಮಾಡಿದ್ರೆ? ಸ್ಪೇನಿನವರು 2000ದಿಂದ ಒಂದು ಪದ್ಧತಿ ತಂದಿದ್ರು, ಸಾಲ ಜೋರಾಗಿ ಹೋಗುವ ವರ್ಷದಲ್ಲಿಯೇ ಮುಂದಿನ ನಷ್ಟಕ್ಕೆ ಅಂತ ತೆಗೆದಿಡುದು. ಆ ಒಳ್ಳೇ ವರ್ಷಗಳಲ್ಲಿ ಕಂಪೆನಿಗಳಿಗೆ ಅಷ್ಟೇನೂ ತೊಂದರೆ ಆಗ್ಲಿಲ್ಲ, ಒಂದು ಬ್ಯಾಂಕ್ ಕೊಡದಿದ್ರೆ ಇನ್ನೊಂದಕ್ಕೆ ಹೋದ್ರು. 2008 ಆದ ಮೇಲೆ ಯಾವ ಬ್ಯಾಂಕಿನ ಕೈಯಲ್ಲಿ ತೆಗೆದಿಟ್ಟದ್ದು ಜಾಸ್ತಿ ಇತ್ತೋ ಅದರ ಗಿರಾಕಿಗಳಿಗೆ ಸಾಲ ಜಾಸ್ತಿ ಸಿಕ್ಕಿತು. ಕೌಂಟರ್‌ಸೈಕ್ಲಿಕಲ್ ಅಂತ ಹೇಳುದು ಇದನ್ನೇ, ಬೇಸಗೆಯಲ್ಲಿ ಸೌದೆ ಒಟ್ಟುದು. ಹಾಗಂತ ಸ್ಪೇನಿನ ಬ್ಯಾಂಕುಗಳು ಬಚಾವ್ ಆದ್ವಾ? ಇಲ್ಲ. ಮನೆ ಕಟ್ಟುವ ಹುಚ್ಚು ಅಷ್ಟು ದೊಡ್ಡದಿತ್ತು, ಒಟ್ಟಿದ ಸೌದೆ ಸಾಕಾಗ್ಲಿಲ್ಲ.

ನಿನ್ನ ಗೈಡಿಗೆ ಹೀಗೆ ಹೇಳು. ಆ ಹೆಸರಿನ ಬಫರು ನಮ್ಮಲ್ಲಿ 2015ರ ಫೆಬ್ರವರಿಯಿಂದ ಕಾಗದದಲ್ಲಿ ಉಂಟು, ಸೊನ್ನೆಯಿಂದ ಎರಡೂವರೆವರೆಗೆ ಏರಿಸಬಹುದು, ಏರಿಸಿಲ್ಲ. ಆದ್ರೆ ಅದೇ ಕೆಲಸವನ್ನು ರಿಸರ್ವ್ ಬ್ಯಾಂಕ್ ಬೇರೆ ಕೈಯಲ್ಲಿ ಮಾಡ್ತಾ ಬಂದಿದೆ. ವೈ.ವಿ. ರೆಡ್ಡಿ ಗವರ್ನರ್ ಇದ್ದಾಗ 2004ರ ಡಿಸೆಂಬರಲ್ಲಿ ಮನೆ ಸಾಲದ ವೇಯ್ಟ್ 50ರಿಂದ 75, ಕನ್ಸ್ಯೂಮರ್ ಸಾಲದ್ದು 100ರಿಂದ 125. ಕಮರ್ಶಿಯಲ್ ರಿಯಲ್ ಎಸ್ಟೇಟಿಗೆ 2005ರಲ್ಲಿ 125, 2006ರಲ್ಲಿ 150. ಆಗ ಬಿಲ್ಡರುಗಳೂ ಬ್ಯಾಂಕಿನವರೂ ಗೊಣಗಿದ್ದೇ ಗೊಣಗಿದ್ದು. 2008ರಲ್ಲಿ ಅಮೆರಿಕದ ಲೇಮನ್ ಬ್ಯಾಂಕ್ ಬಿದ್ದು ಎರಡೇ ತಿಂಗಳಲ್ಲಿ ಆ 150ನ್ನು ವಾಪಸ್ 100 ಮಾಡಿದ್ರು. ಏರಿಸಿದ್ದೂ ಉಂಟು ಇಳಿಸಿದ್ದೂ ಉಂಟು, ಅರವತ್ತು ಪುಟಕ್ಕೆ ಇನ್ನೆಂತ ಬೇಕು.

2023ರದ್ದನ್ನು ಬರೆಯುವಾಗ ಒಂದು ವಿಷಯ ನೆನಪಿಡು. ಆ ಸರ್ಕ್ಯುಲರಲ್ಲಿ ಮನೆ, ಶಿಕ್ಷಣ, ವಾಹನ ಮತ್ತೆ ಚಿನ್ನದ ಸಾಲವನ್ನು ಹೊರಗಿಟ್ಟಿದ್ರು. ಒಂದು ಕಿಟಕಿ ಅರ್ಧ ಮುಚ್ಚಿ ಪಕ್ಕದ್ದನ್ನು ತೆರೆದೇ ಇಟ್ಟ ಹಾಗೆ. ಗಾಳಿ ಅಲ್ಲಿಂದ ಬರ್ತದೆ. ಇಂಗ್ಲೆಂಡಲ್ಲಿ 1998ರಿಂದ 2007ರವರೆಗೆ ಒಂದೊಂದು ಬ್ಯಾಂಕಿಗೆ ಒಂದೊಂದು ಕ್ಯಾಪಿಟಲ್ ಮಿತಿ ಹಾಕ್ತಿದ್ರು, ವಿದೇಶಿ ಬ್ಯಾಂಕಿನ ಬ್ರಾಂಚುಗಳಿಗೆ ಅದು ಇಲ್ಲ. ಅಯ್ಯರ್, ಕ್ಯಾಲೊಮಿರಿಸ್, ವಿಲಾಡೆಕ್ ಲೆಕ್ಕ ಹಾಕಿದ ಪ್ರಕಾರ ಬಿಗಿ ಮಾಡಿದ್ದರಿಂದ ಕಡಿಮೆಯಾದ ಸಾಲದಲ್ಲಿ ಮೂರನೇ ಒಂದು ಪಾಲು ಆ ಬ್ರಾಂಚುಗಳ ಮೂಲಕ ವಾಪಸ್ ಬಂತು. ಲೀಕೇಜ್ ಅಂತಾರೆ.

ಆದ್ರೆ ನಮ್ಮಲ್ಲಿಯೂ ಅದೇ ಆಯ್ತು ಅಂತ ಸೀದಾ ಬರೆದ್ರೆ ವೈವಾದಲ್ಲಿ ಸಿಕ್ಕಿಬೀಳ್ತಿ. 2025ರ ಮಾರ್ಚಿಗೆ ಬ್ಯಾಂಕುಗಳ ಚಿನ್ನದ ಸಾಲ ಒಂದು ವರ್ಷದಲ್ಲಿ ದುಪ್ಪಟ್ಟಾದದ್ದು ಹೌದು. ಆದ್ರೆ ಅದರಲ್ಲಿ ಚಿನ್ನದ ರೇಟು ಏರಿದ್ದು ಉಂಟು, ಮೊದಲು ಕೃಷಿ ಸಾಲ ಅಂತ ಬರೆದದ್ದನ್ನು ಚಿನ್ನದ ಸಾಲದ ಪಟ್ಟಿಗೆ ದಾಟಿಸಿದ್ದು ಉಂಟು, ಪರ್ಸನಲ್ ಲೋನು ಬಿಗಿಯಾದ್ದೂ ಉಂಟು. ಮೂರನ್ನೂ ಬೇರೆ ಬೇರೆ ಮಾಡುದೇ ಕಷ್ಟದ ಕೆಲಸ.

ಸೊಸೈಟಿ ಗುಮಾಸ್ತ

ನಾನು ಕೌಂಟರಲ್ಲಿ ಕೂತ್ಕೊಳ್ಳುವವ, ಥಿಯರಿ ಗೊತ್ತಿಲ್ಲ, ಕಂಡದ್ದು ಹೇಳ್ತೇನೆ. ನಮ್ಮ ಬಿಲ್ಡಿಂಗಲ್ಲಿ ಕೆಳಗೆ ನಾವು, ಮೇಲೆ ಒಂದು ಚಿನ್ನದ ಸಾಲದ ಕಂಪೆನಿ, ರಸ್ತೆ ದಾಟಿದ್ರೆ ಬ್ಯಾಂಕು. ಒಂದೇ ಕರಿಮಣಿ ಒಂದೇ ವರ್ಷದಲ್ಲಿ ಮೂರೂ ಕಡೆ ಮಲಗಿ ಬಂದದ್ದನ್ನು ನಾನು ನೋಡಿದ್ದೇನೆ. ಎಲ್ಲಿ ಗ್ರಾಮಿಗೆ ಐವತ್ತು ರೂಪಾಯಿ ಜಾಸ್ತಿ ಕೊಡ್ತಾರೋ ಅಲ್ಲಿಗೆ.

ಬೆಳಿಗ್ಗೆ ಅಪ್ರೈಸರ್ ಬಂದು ಕೂತ ಕೂಡ್ಲೆ ಮೊದಲು ಫೋನಲ್ಲಿ ರೇಟು ನೋಡುದು. ಆಮೇಲೆ ಒರೆಗಲ್ಲಿಗೆ ಉಜ್ಜಿ, ಆಸಿಡ್ ಒಂದು ಹನಿ ಬಿಟ್ಟು, ಗೆರೆ ನಿಲ್ತದಾ ಮಾಸ್ತದಾ ನೋಡಿ, ತಕ್ಕಡಿಗೆ ಹಾಕಿ, ಕಲ್ಲು ಅರಗು ಎಲ್ಲ ಕಳೆದು ತೂಕ ಹೇಳ್ತಾರೆ. ಐದು ವರ್ಷದ ಹಿಂದೆ ಇಟ್ಟ ಬಳೆಗೂ ಇವತ್ತಿನ ಬಳೆಗೂ ತೂಕದಲ್ಲಿ ಮಿಲಿಗ್ರಾಮ್ ವ್ಯತ್ಯಾಸ ಇಲ್ಲ. ಆದ್ರೆ 2020ರ ಆಗಸ್ಟಲ್ಲಿ ಕೇರಳದಲ್ಲಿ ಪವನಿಗೆ 42 ಸಾವಿರ ಆದಾಗ ಜನ ಬಾಯಿ ಬಿಟ್ಟು ನೋಡಿದ್ರು, 2025ರ ಅಕ್ಟೋಬರಲ್ಲಿ 90 ಸಾವಿರ ದಾಟಿತು. ಈಗ ಬಿಡಿಸ್ಲಿಕ್ಕೆ ಬರುವವರಿಗಿಂತ ಹಳೇ ಸಾಲವನ್ನು ಹೊಸ ರೇಟಿಗೆ ತಿರುಗಿಸಿ ಮೇಲಿಂದ ಸಿಕ್ಕಿದ್ದನ್ನು ಕೊಂಡೋಗ್ಲಿಕ್ಕೆ ಬರುವವರೇ ಜಾಸ್ತಿ. ಬಡ್ಡಿ ಕಟ್ಟಿದ್ದೂ ಅದೇ ಹಣದಿಂದ, ಹಾಗಾಗಿ ಬುಕ್ಕಲ್ಲಿ ನೋಡಿದ್ರೆ ಎಲ್ಲರೂ ಪಾಪ ಒಳ್ಳೇ ಗಿರಾಕಿಗಳು. ಕಳೆದ ವರ್ಷ ಒಬ್ಬರು ಮಾಷ್ಟ್ರು ಬ್ಯಾಂಕಲ್ಲಿ ಪರ್ಸನಲ್ ಲೋನು ಆಗ್ಲಿಲ್ಲ ಅಂತ ಹೆಂಡತಿಯ ಸರ ತಂದಿದ್ರು, ಸಂಬಳದವರು ಮುಂಚೆ ಹೀಗೆ ಬರ್ತಿರ್ಲಿಲ್ಲ. ಒಬ್ಬರನ್ನು ಕಂಡು ಲೆಕ್ಕ ಮಾಡ್ಬಾರದು ಅಂತ ಮಂಜೇಶ್ವರದವರು ಹೇಳ್ತಾರೆ, ಸರಿ.

ಇನ್ನೊಂದು ವಿಷಯ. ನಮ್ಮ ಬೋರ್ಡಲ್ಲಿ ಸರ್ವಿಸ್ ಸಹಕಾರಿ ಬ್ಯಾಂಕ್ ಅಂತ ಉಂಟು, ಜನ ನಮ್ಮನ್ನು ಬ್ಯಾಂಕ್ ಅಂತಲೇ ಹೇಳುದು. ಆದ್ರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ನಾವು ಬ್ಯಾಂಕ್ ಅಲ್ಲ, ಪ್ರಾಥಮಿಕ ಕೃಷಿ ಸಹಕಾರ ಸಂಘ. 2021ರ ನವೆಂಬರಲ್ಲಿ ಅವರು ಪೇಪರಲ್ಲೂ ಎಚ್ಚರಿಕೆ ಹಾಕಿದ್ರು, ಇಂಥ ಸಂಘಗಳು ಬ್ಯಾಂಕ್ ಅಂತ ಹೆಸರು ಹಾಕಬಾರದು, ಇಲ್ಲಿ ಇಟ್ಟ ಡೆಪಾಸಿಟಿಗೆ 5 ಲಕ್ಷದ ಇನ್ಶೂರೆನ್ಸ್ ಇಲ್ಲ ಅಂತ. ರಾಜ್ಯದ್ದು ಬೇರೆ ಗ್ಯಾರಂಟಿ ಫಂಡ್ ಉಂಟು. ಈ ಹನ್ನೊಂದೂವರೆ, 125, ಎಲ್‌ಟಿವಿ (ಅಡವಿಟ್ಟದ್ದರ ಬೆಲೆಯಲ್ಲಿ ಎಷ್ಟು ಪರ್ಸೆಂಟ್ ಸಾಲ ಕೊಡಬಹುದು ಅನ್ನುವ ಮಿತಿ) ಯಾವುದೂ ನಮಗೆ ಅಲ್ಲಿಂದ ಬರುದಿಲ್ಲ. ನಮಗೆ ಸಹಕಾರ ಇಲಾಖೆ.

ಕುಂಬ್ಳೆಯವರ ಪ್ರಶ್ನೆಗೆ, ಅಡವಿಲ್ಲದ ಕೃಷಿ ಸಾಲಕ್ಕೆ ಜಾಗದ ರೆಕಾರ್ಡು, ನಿಕುತಿ (ಜಾಗದ ತೆರಿಗೆ) ರಶೀದಿ, ವಿಲೇಜ್ ಆಫೀಸಿನ ಸರ್ಟಿಫಿಕೇಟು ಅಂತ ಮೂರು ಸಲ ಬಸ್ಸು ಹತ್ತಬೇಕು. ಬಳೆಗೆ ಅರ್ಧ ಗಂಟೆ. ಮೋಡ ಕಂಡ ಮೇಲೆ ಮದ್ದು ಬಿಡುವವನಿಗೆ ಯಾವುದು ಬೇಕು ನೀವೇ ಹೇಳಿ.

ರಿಟೈರ್ಡ್ ಮೇನೇಜರ್

ಗುಮಾಸ್ತರು ಹೇಳಿದ್ದು ಓದಿ ನೆನಪಾಯ್ತು. ಕೇರಳಕ್ಕೂ ಡೆಪಾಸಿಟ್ ಇನ್ಶೂರೆನ್ಸಿಗೂ ಹಳೇ ಸಂಬಂಧ ಉಂಟು. 1960ರಲ್ಲಿ ಪಾಲಾ ಸೆಂಟ್ರಲ್ ಬ್ಯಾಂಕ್ ಮುಳುಗಿತು, ದೊಡ್ಡ ಬ್ಯಾಂಕ್, ಎಷ್ಟೋ ಜನ ಬೀದಿಗೆ ಬಂದ್ರು. ಆ ಗಲಾಟೆಯ ನಂತರವೇ 1962ರ ಜನವರಿಯಿಂದ ಇನ್ಶೂರೆನ್ಸ್ ಶುರುವಾದ್ದು. ನಾನು ಸರ್ವಿಸಿಗೆ ಸೇರುವಾಗಲೂ ನಮ್ಮ ಅಪ್ಪ ಪಾಲಾದ್ದು ಹೇಳಿ ಹೆದರಿಸ್ತಿದ್ರು.

ಕುಂಬ್ಳೆಯವರೆ, 2017ರ ಬಗ್ಗೆ ನಿಮ್ಮ ಸಿಟ್ಟು ಸರಿ. ಆದ್ರೆ ಅದು ಕ್ಯಾಪಿಟಲ್ ಜಾಸ್ತಿ ಕೇಳಿದ್ದರಿಂದ ಆದದ್ದಲ್ಲ, ಕಡಿಮೆ ಇದ್ದದ್ದರಿಂದ ಆದದ್ದು. ಕೆಟ್ಟ ಸಾಲವನ್ನು ಒಳ್ಳೆಯದು ಅಂತ ವರ್ಷಗಟ್ಟಲೆ ತಿರುಗಿಸಿ ಬರೆದ್ರೆ ಕಾಗದದಲ್ಲಿ ಕ್ಯಾಪಿಟಲ್ ಯಾವಾಗಲೂ ಸಾಕಷ್ಟು ಇರ್ತದೆ. ಅಂಥ ಫೈಲಿಗೆ ನಾನೂ ಸೈನ್ ಹಾಕಿದ್ದೇನೆ ಮಾರಾಯ್ರೆ, ಮೇಲಿಂದ ಫೋನ್ ಬರ್ತಿತ್ತು.

ನೀರ್ಚಾಲಿನವಳು

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರ್ತದೆ ಅಂತ ಅಂದ್ಕೊಂಡಿರ್ಲಿಲ್ಲ. ಮಂಜೇಶ್ವರದ ಅಣ್ಣ, ಒಂದು ಕೇಳ್ತೇನೆ. ಚಿನ್ನದ ಸಾಲಕ್ಕೆ ಬ್ಯಾಂಕು ಎಷ್ಟು ಕ್ಯಾಪಿಟಲ್ ಇಡ್ಬೇಕು? ಬಾಸೆಲ್ ರೂಲಲ್ಲಿ ಚಿನ್ನಕ್ಕೆ 15% ಹೇರ್‌ಕಟ್ ಅಂತ ಉಂಟು, ಅಂದ್ರೆ 100 ರೂಪಾಯಿ ಚಿನ್ನವನ್ನು 85 ಅಂತ ಹಿಡಿಯುದು. ಸಾಲ 75 ಆದ್ರೆ 85ರ ಒಳಗೇ ಬಂತಲ್ಲ, ಹಾಗಾದ್ರೆ ಕ್ಯಾಪಿಟಲ್ ಬೇಡವೇ ಬೇಡವಾ? ನಾನೆಲ್ಲಾದ್ರೂ ಲೆಕ್ಕ ತಪ್ಪಿದ್ದಾ?

ಮಂಜೇಶ್ವರ ಟು ಬೆಂಗ್ಳೂರು

ತಪ್ಪಿಲ್ಲ, ಸರಿಯಾದ ಜಾಗಕ್ಕೆ ಕೈ ಹಾಕಿದ್ದಿ. ಆ ಲೆಕ್ಕದಲ್ಲಿ ಸೊನ್ನೆಯೇ ಬರುದು. 2020ರ ಆಗಸ್ಟಿಂದ 2021ರ ಮಾರ್ಚ್‌ವರೆಗೆ ಕೋವಿಡ್ ಅಂತ ಬ್ಯಾಂಕುಗಳಿಗೆ ಮಾತ್ರ, ಅದೂ ಕೃಷಿ ಅಲ್ಲದ ಸಾಲಕ್ಕೆ, ಎಲ್‌ಟಿವಿ 90% ಬಿಟ್ಟಿದ್ರಲ್ಲ, ಆಗ 90ರಲ್ಲಿ 85 ಕಳೆದ್ರೆ 5 ಉಳಿದು ಅದಕ್ಕೆ ಮಾತ್ರ ಕ್ಯಾಪಿಟಲ್. ಅದನ್ನು ಬಿಟ್ಟದ್ದು ಪವನು 42 ಸಾವಿರ ಆದ ತಿಂಗಳಲ್ಲೇ ಅನ್ನುದನ್ನೂ ನೋಡು, ಮುಂದಿನ ಮಾರ್ಚಿಗೆ ರೇಟು ಚೆನ್ನಾಗಿ ಇಳಿದಿತ್ತು. 2025ರ ಜೂನಲ್ಲಿ ಬಂದ ಹೊಸ ರೂಲು, 2026ರ ಏಪ್ರಿಲ್ 1ರಿಂದ ಕಡ್ಡಾಯ, ಸ್ವಂತ ಖರ್ಚಿಗೆ ತಗೊಳ್ಳುವ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ 85, ಐದು ಲಕ್ಷದವರೆಗೆ 80, ಅದರ ಮೇಲೆ 75. 85ರಲ್ಲಿ 85 ಹೋದ್ರೆ ಪುನಃ ಸೊನ್ನೆ.

ಅಂದ್ರೆ ಚಿನ್ನದ ಸಾಲದಲ್ಲಿ ಕ್ಯಾಪಿಟಲ್ ರೂಲು ಹೆಚ್ಚುಕಡಿಮೆ ನಿದ್ದೆ ಮಾಡ್ತದೆ, ಬ್ರೇಕ್ ಇರುದು ಎಲ್‌ಟಿವಿ ಒಂದೇ. ಆ ಬ್ರೇಕ್ ಪರ್ಸೆಂಟಲ್ಲಿ ಇರುದರಿಂದ ರೇಟು ಏರಿದ ಹಾಗೆ ಅದೂ ಏರ್ತದೆ. 2025ರ ಅಕ್ಟೋಬರಿನ ಹಾಗೆ ಪವನಿಗೆ 90 ಸಾವಿರ ಹಿಡಿದ್ರೆ ನಿನ್ನ ಅಮ್ಮನ ನಾಲ್ಕು ಪವನಿಗೆ 3.6 ಲಕ್ಷ, ಸ್ವಂತ ಖರ್ಚಿಗೆ ಅಂತ ತಗೊಂಡ್ರೆ 80ರ ಲೆಕ್ಕದಲ್ಲಿ 2.88 ಲಕ್ಷ ಕೊಡಬಹುದು. ಅಪ್ಪನಿಗೆ ಬೇಕಾದ್ದು ಈಗಲೂ ಎಂಬತ್ತು ಸಾವಿರದ ಆಸುಪಾಸು. ಹೊಸ ರೂಲಲ್ಲಿ ಸ್ವಲ್ಪ ತಡೆ ಇಟ್ಟಿದ್ದಾರೆ, 30 ದಿನದ ಸರಾಸರಿ ಅಥವಾ ಹಿಂದಿನ ದಿನದ ರೇಟು, ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು, ಮತ್ತೆ ಕೊನೆಗೆ ಒಟ್ಟಿಗೆ ಕಟ್ಟುವ ಸಾಲದಲ್ಲಿ ಬಡ್ಡಿಯನ್ನೂ ಸೇರಿಸಿ ಎಲ್‌ಟಿವಿ ನೋಡ್ಬೇಕು. ಒಂದು ತಿಂಗಳ ಜಿಗಿತಕ್ಕೆ ಇದು ಸಾಕು, ಐದು ವರ್ಷದ ಏರಿಕೆಗೆ ಸಾಕಾಗುದಿಲ್ಲ. ನಿಜವಾಗಿ ಕೌಂಟರ್‌ಸೈಕ್ಲಿಕಲ್ ಆಗ್ಬೇಕಿದ್ರೆ ರೇಟು ಏರುವಾಗ ಎಲ್‌ಟಿವಿ ಇಳೀಬೇಕು. 2012ರಲ್ಲಿ ಚಿನ್ನದ ಸಾಲದ ಕಂಪೆನಿಗಳಿಗೆ 60% ಅಂತ ಹಾಕಿದ್ರು, ಅದರ ಮರುವರ್ಷ ಏಪ್ರಿಲಲ್ಲಿ ಚಿನ್ನ ಧಡಕ್ಕಂತ ಬಿತ್ತು, 2014ರ ಜನವರಿಯಲ್ಲಿ 75 ಮಾಡಿದ್ರು. ಆ ಎರಡು ವರ್ಷವನ್ನು ಒಂದು ಅಧ್ಯಾಯ ಮಾಡು. ಆನ್ ಆಗದ ಸ್ವಿಚ್ಚಿಗಿಂತ ಚೆನ್ನಾಗಿರ್ತದೆ.

ನೀರ್ಚಾಲಿನವಳು

ಹಾಗಾದ್ರೆ ಪ್ರಶ್ನೆಯನ್ನೇ ಬದಲಿಸ್ತೇನೆ. ರೇಟು ಏರಿದಾಗ ಅದೇ ಒಡವೆ ಎಷ್ಟು ಸಲ ಹೊಸ ಸಾಲಕ್ಕೆ ತಿರುಗಿತು, ಬ್ಯಾಂಕಲ್ಲಿ ಎಷ್ಟು, ರೂಲು ಇಲ್ಲದ ಕಡೆ ಎಷ್ಟು. ಗುಮಾಸ್ತರೆ, ನಿಮ್ಮಲ್ಲಿ 2019ರಿಂದ ಈಚೆಗಿನ ಲೆಡ್ಜರ್ ನೋಡ್ಲಿಕ್ಕೆ ಬಿಡ್ತಾರಾ? ಹೆಸರು ಬೇಡ, ತೂಕ, ತಾರೀಕು, ಮೊತ್ತ ಸಾಕು.

ಕುಂಬ್ಳೆಕಾರ

ಆ ಸ್ಕೂಟರನ್ನು ಎಲ್‌ಟಿವಿಯ ಯಾವ ಕಾಲಮಿಗೆ ಹಾಕ್ತಿ ಅಂತ ನೋಡ್ಬೇಕು 😄

ಸೊಸೈಟಿ ಗುಮಾಸ್ತ

ಹೆಸರಿನ ಕಾಲಮ್ ಮುಚ್ಚಿ ಕೊಡಬಹುದು, ಆದ್ರೆ ಬೋರ್ಡ್ ಮೀಟಿಂಗಲ್ಲಿ ಪಾಸಾಗ್ಬೇಕು. ಕಾಲೇಜಿನ ಲೆಟರ್‌ಹೆಡ್ಡಲ್ಲಿ ಕಾರ್ಯದರ್ಶಿಯವರಿಗೆ ಒಂದು ಅರ್ಜಿ ತನ್ನಿ, ಮಲೆಯಾಳದಲ್ಲಿ ಒಂದು ಕಾಪಿ, ಕನ್ನಡದಲ್ಲಿ ಒಂದು. ಸೋಮವಾರ ಬರಬೇಡಿ, ಅವತ್ತು ಅಪ್ರೈಸರ್ ರಜೆ, ಲಾಕರ್ ಕೀ ಒಂದು ಅವರ ಹತ್ರ ಇರುದು. ಮತ್ತೆ 2021ರ ವರೆಗಿನದ್ದು ಕಂಪ್ಯೂಟರಲ್ಲಿ ಇಲ್ಲ, ಕೈಬರಹದ ಪುಸ್ತಕ, ಎರಡರ ರಟ್ಟು ಗೆದ್ದಲು ತಿಂದಿದೆ, ಮಾಸ್ಕ್ ಹಾಕ್ಕೊಂಡು ಬನ್ನಿ.